ತ್ರೀ ಫೇಸ್ ಕರೆಂಟು ಏರಿಸಿದ ಅಂತರ್ಜಲ: ಒಂದು ಪ್ರಕರಣ ಅಧ್ಯಯನ

ಕೋಲಾರ ಸೀಮೆಯ ಒಂದು ಗ್ರಾಮ ಪಂಚಾಯಿತಿ. ಗುರುತು ಸಿಗಬಾರದೆಂದು ಊರು, ಕೆರೆ, ಬಾವಿಗಳ ವಿವರ ಬದಲಿಸಿದ್ದೇವೆ, ಅಂಕಿಗಳನ್ನು ದುಂಡಾಗಿಸಿದ್ದೇವೆ. ಇಂಥ ಒಂದಕ್ಕಿಂತ ಹೆಚ್ಚು ಕಡೆ ಕಾಣುವ ತೊಡಕುಗಳನ್ನು ಒಂದೇ ಊರಿನ ಚೌಕಟ್ಟಿಗೆ ತಂದದ್ದೂ ಇದೆ. ಬಾವಿಗಳಿಗೆ ಹೆಸರಿನ ಬದಲು ಸಂಖ್ಯೆ: ಕೊಳವೆಬಾವಿಗೆ ಬೋ, ತೆರೆದ ಬಾವಿಗೆ ತೆ, ಕೈಪಂಪಿನ ಬೋರಿಗೆ ಕೈ.

ಹಿನ್ನೆಲೆ

ಊರಿನ ತಳ ಗ್ರಾನೈಟ್ ಮತ್ತು ನೈಸ್ ಎಂಬ ಪಟ್ಟೆಪಟ್ಟೆಯ ಗಟ್ಟಿ ಬಂಡೆ. ಮೇಲೆ ಇಪ್ಪತ್ತು, ಇಪ್ಪತ್ತೈದು ಮೀಟರ್‌ವರೆಗೆ ಗರಸು ಮತ್ತು ಕೊಳೆತ ಬಂಡೆ. ಅದರ ಕೆಳಗೆ ಗಟ್ಟಿ ಬಂಡೆ, ನಡುನಡುವೆ ಬಿರುಕು. ಬೋರ್ ಕೊರೆಯುವವರು ಈ ಬಿರುಕನ್ನೇ ‘ಗ್ಯಾಪ್’ ಅನ್ನುತ್ತಾರೆ. ಹಿಂದೆ ತೆರೆದ ಬಾವಿಗಳಿಗೆ ನೀರು ಕೊಡುತ್ತಿದ್ದದ್ದು ಗರಸಿನ ಪದರ. ಅದು ಕೆರೆಯ ಆಸುಪಾಸು ಬಿಟ್ಟರೆ ಉಳಿದೆಡೆ ಒಣಗಿದೆ. ಈಗ ಟೊಮೆಟೊ, ಹಿಪ್ಪುನೇರಳೆ ಎಲ್ಲವೂ ನಿಂತಿರುವುದು ಆರುನೂರು ಅಡಿಯಿಂದ ಸಾವಿರ ಅಡಿಯವರೆಗಿನ ಬೋರುಗಳ ಮೇಲೆ. ಐದು ಚದರ ಕಿಲೋಮೀಟರ್ ಪ್ರದೇಶದಲ್ಲಿ ಐವತ್ತರಷ್ಟು ಬೋರುಗಳು ಓಡುತ್ತವೆ.

ಸುಮಾರು ನಲವತ್ತು ಎಕರೆ ನೀರು ನಿಲ್ಲುವ ಕೆರೆಯೊಂದರ ಹೂಳು ತೆಗೆಸಿದ್ದು ಮೊದಲ ವರ್ಷದ ಬೇಸಿಗೆಯ ಕೊನೆಗೆ. ಆ ವರ್ಷ ಹಸ್ತ, ಚಿತ್ತೆ ಮಳೆಗೆ ಕೆರೆ ಅರ್ಧ ತುಂಬಿತು. ಹಣ ಕೊಟ್ಟವರಿಗೂ ಪಂಚಾಯಿತಿಗೂ ಇದ್ದ ಪ್ರಶ್ನೆ ಒಂದೇ: ಅಂತರ್ಜಲ ಏರಿತೇ, ಏರಿದ್ದರೆ ಎಷ್ಟು?

ಅದಕ್ಕಾಗಿ ಎಂಟು ಬಾವಿಗಳನ್ನು ಆರಿಸಿದ್ದರು. ಓಡುತ್ತಿರುವ ಬೋರು ಐದು, ಹಳೆಯ ತೆರೆದ ಬಾವಿ ಎರಡು, ಯಾರೂ ಬಳಸದ 60 ಮೀಟರ್ ಆಳದ ಕೈಪಂಪ್ ಬೋರು ಒಂದು. ನೀರುಗಂಟಿ ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ಏಳೂವರೆ ಹೊತ್ತಿಗೆ, ಊರಿಗೆ ನೀರು ಬಿಟ್ಟು ಬಂದು, ಬೀಪ್ ಟೇಪ್ ಇಳಿಸಿ ಬರೆದುಕೊಳ್ಳುತ್ತಿದ್ದರು. ಟೇಪಿನ ತುದಿಯ ಗುಂಡಿಗೆ ನೀರು ತಗುಲಿದರೆ ಸರ್ಕೀಟು ಕೂಡಿ ಮೇಲೆ ಬೀಪ್ ಬರುತ್ತದೆ, ಅಷ್ಟೇ. ಕೇಂದ್ರ ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳನ್ನು ಅಳೆಯುವುದು ವರ್ಷಕ್ಕೆ ನಾಲ್ಕು ಸಲ: ಜನವರಿ, ಮುಂಗಾರಿಗೆ ಮೊದಲು, ಆಗಸ್ಟ್, ನವೆಂಬರ್. ಅದಕ್ಕೆ ಹೋಲಿಸಿದರೆ ಹದಿನೈದು ದಿನಕ್ಕೊಂದು ಅಳತೆ ಬಹಳ ಒಳ್ಳೆಯದು. ಕೆಲಸದಲ್ಲಿ ಶಿಸ್ತೂ ಇತ್ತು, ಒಂದು ಪಾಳಿಯೂ ತಪ್ಪಿರಲಿಲ್ಲ. ತೊಂದರೆ ಇದ್ದದ್ದು ಬೇರೆ ಕಡೆ.

ಸಮಸ್ಯೆ

ಮೊದಲ ವರ್ಷದ ಮೇ ತಿಂಗಳಲ್ಲಿ ನಾಲ್ಕು ಬೋರುಗಳ ಸರಾಸರಿ ಮಟ್ಟ ನೆಲದಿಂದ 97 ಮೀಟರ್ ಕೆಳಗೆ. ಎರಡನೇ ವರ್ಷದ ಮೇನಲ್ಲಿ 83. ಅಂದರೆ ನೀರು 14 ಮೀಟರ್, ಊರಿನ ಮಾತಲ್ಲಿ ನಲವತ್ತೈದು ಅಡಿ, ಮೇಲೆ ಬಂದಿದೆ. ಐದನೆಯದಾದ ಬೋ-3 ಯಾವಾಗ ಅಳೆದರೂ 38 ಮೀಟರ್ ತೋರಿಸುತ್ತಿತ್ತು. ಅದು ‘ಗಂಗಮ್ಮನ ದಯೆಯ ಬೋರು’ ಎಂದು ಸರಾಸರಿಯಿಂದ ಹೊರಗಿಟ್ಟಿದ್ದರು.

ನಲವತ್ತೈದು ಅಡಿಯ ಸುದ್ದಿ ಹಬ್ಬಿತು. ಬೋರ್ಡು ಬರೆಸುವ ಮಾತು ಒಂದು ಕಡೆ. ಅದಕ್ಕಿಂತ ಗಂಭೀರವಾದದ್ದು, ಕೆಲವು ರೈತರು ಬೇಸಿಗೆಗೆ ಎರಡನೇ ಟೊಮೆಟೊ ಇಡಲು ಹೊರಟಿದ್ದರು, ಇಬ್ಬರು ಹೊಸ ಬೋರ್ ಕೊರೆಸಲು ಪಾಯಿಂಟ್ ನೋಡಿಸಿದ್ದರು. ಅಂಕಿ ತಪ್ಪಾಗಿದ್ದರೆ ಅದರ ನಷ್ಟ ಕಾಗದದ ಮೇಲೆ ನಿಲ್ಲುತ್ತಿರಲಿಲ್ಲ.

ಅನುಮಾನ ಹುಟ್ಟಿಸಿದ್ದು ಕೈ-1. ಮೋಟರ್ ಇಲ್ಲದ, ಯಾರೂ ಮುಟ್ಟದ ಆ ಬೋರಿನಲ್ಲಿ ಅದೇ ಅವಧಿಯಲ್ಲಿ ನೀರು 40.2ರಿಂದ 41.3 ಮೀಟರಿಗೆ ಇಳಿದಿತ್ತು. ಕೆರೆಯ ನೀರು ಇಂಗಿದರೆ ಮೊದಲು ತಲುಪಬೇಕಾದದ್ದು ಮೇಲಿನ ಪದರ. ಮೇಲಿನದು ಇಳಿದು, ಅದರ ಅಡಿಯಲ್ಲಿರುವುದು ಹದಿನಾಲ್ಕು ಮೀಟರ್ ಏರುವುದು ಹೇಗೆ? ನವೆಂಬರ್ ಕಳೆದ ಮೇಲೆ ಹದ ಮಳೆಯೂ ಆಗಿರಲಿಲ್ಲ.

ಬಾವಿಗಳತ್ತ ಹೋಗುವ ಮೊದಲೇ ಕಾಗದದ ಮೇಲೆ ಒಂದು ಲೆಕ್ಕ ಮಾಡಬಹುದಿತ್ತು. ಈ ಲೆಕ್ಕ ಹತ್ತು ನಿಮಿಷದ್ದು, ಆದರೂ ಇದನ್ನು ಮಾಡುವವರು ಕಡಿಮೆ. ಐದು ಚದರ ಕಿಲೋಮೀಟರಿನಲ್ಲಿ 14 ಮೀಟರ್ ಏರಿಕೆ, ಕೊಳೆತ ಬಂಡೆಗೆ ಬಳಸುವ 1.5% ಇಳುವರಿ (ಪದರದ ಗಾತ್ರದಲ್ಲಿ ಬಸಿದು ಸಿಗುವ ನೀರಿನ ಪಾಲು) ಹಿಡಿದರೆ, 10.5 ಲಕ್ಷ ಘನ ಮೀಟರ್ ನೀರು ಬೇಕು. ಕೆರೆಯೋ 16 ಹೆಕ್ಟೇರ್, ಸರಾಸರಿ ಆಳ ಒಂದೂವರೆ ಮೀಟರ್. ಪೂರ್ತಿ ತುಂಬಿದರೂ 2.4 ಲಕ್ಷ ಘನ ಮೀಟರ್, ಅದರಲ್ಲಿ ಆವಿಯಾಗುವುದೇ ದೊಡ್ಡ ಪಾಲು. ಇಲ್ಲ, ಏರಿದ್ದು ಆಳದ ಬಿರುಕಿನೊಳಗಿನ ಒತ್ತಡ ಎನ್ನೋಣ. ಆಗ ಇಳುವರಿಯ ಬದಲು ಹಿಡಿಯಬೇಕಾದ ಸಂಗ್ರಹ ಗುಣಾಂಕ (ಒತ್ತಡದ ಮಟ್ಟ ಒಂದು ಮೀಟರ್ ಏರಲು ಪ್ರತಿ ಚದರ ಮೀಟರಿಗೆ ಬೇಕಾಗುವ ನೀರು, ಘನ ಮೀಟರಿನಲ್ಲಿ) 0.0001ರ ಆಸುಪಾಸು. ಅದೇ 14 ಮೀಟರ್ ಏರಿಕೆಗೆ ಸಾಕಾಗುವುದು ಬರೀ 7,000 ಘನ ಮೀಟರ್. ಗಂಟೆಗೆ 7,000 ಲೀಟರ್ ಎತ್ತುವ ಬೋರು ದಿನಕ್ಕೆ ಏಳು ಗಂಟೆ ಓಡಿದರೆ 49 ಘನ ಮೀಟರ್. ಐವತ್ತು ಬೋರುಗಳು ಮೂರು ದಿನದೊಳಗೆ ಆ ‘ಏರಿಕೆ’ಯನ್ನು ಕುಡಿದು ಮುಗಿಸುತ್ತವೆ. ಮೊದಲ ಲೆಕ್ಕದಲ್ಲಿ ಅಷ್ಟು ನೀರೇ ಇಲ್ಲ, ಎರಡನೆಯದರಲ್ಲಿ ಏರಿಕೆಯಿದ್ದರೂ ಬೆಳೆಗೆ ಒದಗುವ ನೀರಿಲ್ಲ.

ತಿರುವು: ಬೋ-4ರ ಗರಗಸ

ಅದೃಷ್ಟಕ್ಕೆ ಎರಡನೇ ವರ್ಷದ ಫೆಬ್ರವರಿಯಲ್ಲಿ ಬೋ-4ರೊಳಗೆ ಒಂದು ಒತ್ತಡ ಲಾಗರ್, ಅಂದರೆ ಮೇಲಿರುವ ನೀರಿನ ಒತ್ತಡದಿಂದ ಮಟ್ಟವನ್ನು ತಾನೇ ದಾಖಲಿಸುವ ಉಪಕರಣ, ಇಳಿಸಿದ್ದರು. ಹದಿನೈದು ನಿಮಿಷಕ್ಕೊಂದು ಅಳತೆ. ಮೂರು ತಿಂಗಳ ದತ್ತಾಂಶ ಡೌನ್‌ಲೋಡ್ ಆಗಿತ್ತು, ಆದರೆ ತಿಂಗಳ ಸರಾಸರಿ ಬಿಟ್ಟು ಯಾರೂ ಏನನ್ನೂ ನೋಡಿರಲಿಲ್ಲ. ಪೂರ್ತಿ ನಕ್ಷೆ ಬಿಡಿಸಿದಾಗ ಕಂಡದ್ದು ಗರಗಸದ ಹಲ್ಲು: ತ್ರೀ ಫೇಸ್ (ಪಂಪ್‌ಸೆಟ್ ಓಡಲು ಬೇಕಾದ ಕರೆಂಟು) ಬಂದ ಕೂಡಲೇ ಆಟೋ ಸ್ಟಾರ್ಟರ್ ಮೋಟರ್ ಚಾಲೂ ಮಾಡುತ್ತದೆ, ಮಟ್ಟ ಕುಸಿಯುತ್ತದೆ. ಕರೆಂಟು ಹೋದಾಗ ಮೇಲೇಳುತ್ತದೆ.

ಫೆಬ್ರವರಿಯಲ್ಲಿ ಹಲ್ಲುಗಳ ತಗ್ಗು ಬೆಳಗಿನ ಜಾವಕ್ಕಿತ್ತು. ಮಾರ್ಚ್ ಕೊನೆಯಲ್ಲಿ ಇದ್ದಕ್ಕಿದ್ದಂತೆ ತಗ್ಗು ಸಂಜೆಗೆ ಸರಿದಿತ್ತು. ಪಂಪ್‌ಸೆಟ್ಟಿನ ತ್ರೀ ಫೇಸ್ ಪಾಳಿ ಬದಲಾಗಿತ್ತು: ಮೊದಲು ರಾತ್ರಿ ಹತ್ತರಿಂದ ಬೆಳಿಗ್ಗೆ ಐದು, ಆಮೇಲೆ ಹಗಲು ಒಂಬತ್ತೂವರೆಯಿಂದ ಸಂಜೆ ನಾಲ್ಕೂವರೆ. ಊರಿನವರಿಗೆಲ್ಲ ಗೊತ್ತಿದ್ದ ಸಂಗತಿ. ರಾತ್ರಿ ಹೊಲಕ್ಕೆ ಹೋಗುವ ಕಾಟ ತಪ್ಪಿತೆಂದು ಖುಷಿಪಟ್ಟಿದ್ದರು. ಅಳತೆಯ ಪುಸ್ತಕಕ್ಕೆ ಮಾತ್ರ ಅದು ಗೊತ್ತಿರಲಿಲ್ಲ.

ನೀರುಗಂಟಿ ಅಳೆಯುತ್ತಿದ್ದ ಏಳೂವರೆ ಗಂಟೆ ಬದಲಾಗಲಿಲ್ಲ. ಹಳೆಯ ಪಾಳಿಯಲ್ಲಿ ಅದು ಮೋಟರ್ ನಿಂತ ಎರಡೂವರೆ ಗಂಟೆಯ ಮೇಲಿನ ಮಟ್ಟ, ಹೊಸ ಪಾಳಿಯಲ್ಲಿ ಹದಿನೈದು ಗಂಟೆಯ ಮೇಲಿನದು. ಲಾಗರಿನ ಅಂಕಿಗಳು ಹೀಗಿದ್ದವು. ಫೆಬ್ರವರಿಯಲ್ಲಿ ಮೋಟರ್ ನಿಂತ ಕ್ಷಣ 117 ಮೀಟರ್, ಬೆಳಿಗ್ಗೆ ಏಳೂವರೆಗೆ 95.8, ರಾತ್ರಿ ಹತ್ತಕ್ಕೆ, ಅಂದರೆ ಹದಿನೇಳು ಗಂಟೆ ಬಿಡುವಿನ ನಂತರ, 82.4. ಮೇ ನಡುವಿನಲ್ಲಿ ಏಳೂವರೆಗೆ 85.4, ಒಂಬತ್ತೂವರೆಗೆ 85.1. ಎರಡೂ ಪಾಳಿಯಲ್ಲಿ ಕರೆಂಟ್ ಬರುವ ಮುಂಚಿನ ಬಿಡುವು ಹದಿನೇಳು ಗಂಟೆಯೇ. ಹೋಲಿಸಬೇಕಾದದ್ದು ಅವನ್ನು: 82.4ರಿಂದ 85.1ಕ್ಕೆ. ಏಳೂವರೆಯ ಅಳತೆ ಹತ್ತು ಮೀಟರ್ ಏರಿಕೆ ತೋರಿಸಿದ ಆ ಮೂರು ತಿಂಗಳಲ್ಲಿ ನೀರು ನಿಜವಾಗಿ 2.7 ಮೀಟರ್ ಇಳಿದಿತ್ತು.

ಹಳೆಯ ಪುಸ್ತಕವನ್ನು ಎಸೆಯಬೇಕಾಗಲಿಲ್ಲ. ಎರಡೂವರೆ ಗಂಟೆಯ ಮಟ್ಟಕ್ಕೂ ಹದಿನೇಳು ಗಂಟೆಯ ಮಟ್ಟಕ್ಕೂ ಬೋ-4ರಲ್ಲಿ 13.4 ಮೀಟರ್ ಅಂತರ. ಮೊದಲ ವರ್ಷದ ಮೇ ಅಳತೆ 98.9ರಿಂದ ಅದನ್ನು ಕಳೆದರೆ 85.5. ಎರಡನೇ ವರ್ಷದ್ದು 85.1. ಈ ತಿದ್ದುಪಡಿಯಲ್ಲಿ ಒಂದೆರಡು ಮೀಟರ್ ಆಚೀಚೆ ಆಗುತ್ತದೆ, ಏಕೆಂದರೆ ಮೋಟರ್ ಎಷ್ಟು ಹೊತ್ತು, ಎಷ್ಟು ನೀರೆತ್ತಿತು ಎಂಬುದರ ಮೇಲೆ ಚೇತರಿಕೆ ನಿಂತಿದೆ. ಹಾಗಾಗಿ 0.4 ಮೀಟರ್ ವ್ಯತ್ಯಾಸಕ್ಕೆ ಅರ್ಥ ಕಟ್ಟಲು ಬರುವುದಿಲ್ಲ. ಆಳದ ಬೋರುಗಳ ಬಗ್ಗೆ ಹೇಳಲು ಸಾಧ್ಯವಾದದ್ದು ಇಷ್ಟೇ: ಎರಡು ಬೇಸಿಗೆಗಳ ನಡುವೆ ಕಾಣುವಂಥ ಬದಲಾವಣೆ ಇಲ್ಲ.

ಉಳಿದ ಬಾವಿಗಳಲ್ಲಿ ಸಿಕ್ಕಿದ್ದು

ಒಂದು ಎಳೆ ಎಳೆದ ಮೇಲೆ ಎಲ್ಲ ಬಾವಿಗಳನ್ನೂ ಮತ್ತೆ ನೋಡಬೇಕಾಯಿತು.

ಬೋ-3ರ 38 ಮೀಟರ್ ಗಂಗಮ್ಮನ ದಯೆಯಲ್ಲ. ಆ ಆಳದಲ್ಲಿ ಒಂದು ಸಣ್ಣ ಗ್ಯಾಪ್ ಇದೆ, ಅಲ್ಲಿಂದ ನೀರು ಬೋರಿನ ಗೋಡೆಗುಂಟ ಸುರಿಯುತ್ತದೆ. ಟೇಪಿನ ಗುಂಡಿ ಆ ಹನಿಗೆ ನೆನೆದು ಬೀಪ್ ಮಾಡುತ್ತಿತ್ತು, ಅಲ್ಲಿಗೇ ಟೇಪ್ ನಿಲ್ಲಿಸುತ್ತಿದ್ದರು. ಪರೀಕ್ಷೆ ಸುಲಭ: ಮೊದಲ ಬೀಪ್ ಆದ ಮೇಲೆ ಇನ್ನೂ ಮೂರು ಮೀಟರ್ ಇಳಿಸಬೇಕು. ಬೀಪ್ ಒಂದೇ ಸಮ ಬಂದರೆ ಅದು ನೀರಿನ ಮಟ್ಟ. ಕಡಿದು ಕಡಿದು ಬಂದರೆ ಅಥವಾ ನಿಂತುಹೋದರೆ ಸುರಿಯುವ ನೀರು. ಟೇಪಿನ ಸೂಕ್ಷ್ಮತೆಯನ್ನು ತಗ್ಗಿಸಿದರೂ ಸ್ವಲ್ಪ ಅನುಕೂಲ. ಬೋ-3ರ ನಿಜ ಮಟ್ಟ 92 ಮೀಟರ್. ಇಂಥ ಬೋರಿಗೆ ಖಾಯಂ ಪರಿಹಾರವೆಂದರೆ ಅಳತೆ ಪೈಪು: ಡೆಲಿವರಿ ಪೈಪಿಗೆ ಕಟ್ಟಿ ಇಳಿಸಿದ ಒಂದು ಇಂಚಿನ ಪ್ಲಾಸ್ಟಿಕ್ ಕೊಳವೆ, ತಳ ತೆರೆದದ್ದು, ಕೆಳಗಿನ ಮೂರು ಮೀಟರಿನಲ್ಲಿ ಮಾತ್ರ ಸೀಳು. ಮೇಲಿನಿಂದ ಬೀಳುವ ನೀರು ಒಳಗೆ ಬರುವುದಿಲ್ಲ, ಟೇಪು ಮೋಟರ್ ಕೇಬಲ್ಲಿಗೆ ಸುತ್ತಿಕೊಳ್ಳುವುದೂ ಇಲ್ಲ. ಇದಕ್ಕೆಂದೇ ಮೋಟರ್ ಎತ್ತಿಸಿದರೆ ಖರ್ಚು ಜಾಸ್ತಿ. ಮೋಟರ್ ಸುಟ್ಟು ಹೇಗೂ ಎತ್ತುವ ದಿನಕ್ಕೆ ಕಾದು ಹಾಕಿಸುವುದೇ ವಾಸಿ. ಇಲ್ಲಿ ಹಾಗೇ ಮಾಡಿದರು. ಅಲ್ಲಿಯವರೆಗೆ ಬೋ-3ರ ಅಂಕಿಗಳನ್ನು ಪಟ್ಟಿಯಿಂದ ತೆಗೆದರು.

ಬೋ-1ರಲ್ಲಿ ಅಳೆಯುವ ಬಿಂದುವೇ ಸರಿದಿತ್ತು. ರೈತರು ಕೇಸಿಂಗ್ ಪೈಪನ್ನು (ಬೋರಿನ ಬಾಯಲ್ಲಿ ಇಳಿಸಿದ ಹೊರ ಕೊಳವೆ) 45 ಸೆಂಟಿಮೀಟರ್ ಕೊಯ್ದು ಹೊಸ ಮುಚ್ಚಳ ಹಾಕಿದ್ದರು. ಪುಸ್ತಕದಲ್ಲಿ ಹಳೆಯ ಕೇಸಿಂಗ್ ಎತ್ತರವನ್ನೇ ಕಳೆಯುತ್ತ ಬಂದಿದ್ದರಿಂದ ಅಷ್ಟು ‘ಏರಿಕೆ’ ಪುಕ್ಕಟೆ ಸಿಕ್ಕಿತ್ತು. ಆಮೇಲೆ ಪ್ರತಿ ಬಾವಿಗೂ ಕೇಸಿಂಗಿನ ಉತ್ತರ ಅಂಚಿನಲ್ಲಿ ಕೆಂಪು ಬಣ್ಣದ ಗುರುತು, ನೆಲದಿಂದ ಆ ಗುರುತಿನ ಎತ್ತರ, ಒಂದು ಫೋಟೊ. ಎತ್ತರವನ್ನು ಪ್ರತಿ ಸಲವೂ ಅಳೆದು ಬರೆಯಬೇಕು. ಹೊಲ ಸಮ ಮಾಡಿಸಿದರೆ ನೆಲವೂ ಬದಲಾಗುತ್ತದೆ.

ಬೋ-2ರ ಲಾಗರ್ ಬೇರೆಯದೇ ಪಾಠ. ಅಗ್ಗಕ್ಕೆ ಸಿಕ್ಕಿತೆಂದು 20 ಮೀಟರ್ ವ್ಯಾಪ್ತಿಯ ಸಂವೇದಕವನ್ನು ಪಂಪಿನ ಹತ್ತಿರ ಇಳಿಸಿದ್ದರು. ಬಿಡುವಿನ ಹೊತ್ತಿನಲ್ಲಿ ಅದರ ಮೇಲೆ ಮೂವತ್ತು ಮೀಟರಿಗೂ ಹೆಚ್ಚು ನೀರು. ನಕ್ಷೆಯ ತುದಿ ಚಪ್ಪಟೆ ಕೊಯ್ದಂತೆ ಕಂಡರೆ ನೀರು ಅಲ್ಲಿ ನಿಂತಿದೆ ಎಂದಲ್ಲ, ಸಂವೇದಕದ ಮಿತಿ ಮುಗಿದಿದೆ ಎಂದು. ಕೆಲವು ತಿಂಗಳಲ್ಲಿ ಅದು ಕೆಟ್ಟೂ ಹೋಯಿತು. ದಿನದೊಳಗೇ ಮಟ್ಟ 35 ಮೀಟರ್ ಏರಿಳಿಯುವ ಬೋರಿಗೆ 50 ಮೀಟರಿಗಿಂತ ಕಡಿಮೆ ವ್ಯಾಪ್ತಿಯದು ಹಾಕಬಾರದು. ಲಾಗರನ್ನು ನೈಲಾನ್ ಹಗ್ಗದಲ್ಲಿ ಕಟ್ಟಬಾರದು, ಅದು ಹಿಗ್ಗುತ್ತದೆ. ಸ್ಟೇನ್‌ಲೆಸ್ ತಂತಿಯೇ ಬೇಕು.

ತೆ-1, ಕೆರೆ ಏರಿಯ ಕೆಳಗೆ 200 ಮೀಟರ್ ದೂರದ ತೆರೆದ ಬಾವಿ. ಅಲ್ಲಿಗೂ ಒಂದು ಲಾಗರ್ ಬಿದ್ದಾಗ ದಿನಕ್ಕೆರಡು ಸಲ ಮೂರ್ನಾಲ್ಕು ಸೆಂಟಿಮೀಟರ್ ಏರಿಳಿತ ಕಾಣಿಸಿತು. ಯಾರೋ ಕದ್ದು ನೀರೆತ್ತುತ್ತಿದ್ದಾರೆಂಬ ಮಾತೂ ಬಂತು. ಅದು ಗಾಳಿಯ ಒತ್ತಡ. ನಮ್ಮ ಕಡೆ ವಾಯುಭಾರ ಬೆಳಿಗ್ಗೆ ಮತ್ತು ರಾತ್ರಿ ಹತ್ತರ ಸುಮಾರಿಗೆ ಏರಿ, ನಾಲ್ಕರ ಸುಮಾರಿಗೆ ಇಳಿಯುತ್ತದೆ. ಮೇಲಿನ ಗಾಳಿಗೆ ತೆರೆದ ಉಸಿರು ನಳಿಕೆ ಇಲ್ಲದ ಲಾಗರ್ ನೀರಿನ ಜೊತೆ ಗಾಳಿಯ ಭಾರವನ್ನೂ ಸೇರಿಸಿ ಅಳೆಯುತ್ತದೆ. ಒಂದು ಹೆಕ್ಟೊಪ್ಯಾಸ್ಕಲ್ (ವಾಯುಭಾರದ ಅಳತೆಮಾನ) ಎಂದರೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ನೀರು. ಹಾಗಾಗಿ ಗಾಳಿಯಲ್ಲಿ ತೂಗುವ ಇನ್ನೊಂದು ಲಾಗರಿನ ಅಂಕಿಯನ್ನು ಅದೇ ಹೊತ್ತಿಗೆ ಹೊಂದಿಸಿ ಕಳೆಯಬೇಕು. ಇಲ್ಲಿ ಮೊದಲು ಕಳೆದದ್ದು ಪಠ್ಯಪುಸ್ತಕದಲ್ಲಿರುವ ಸಮುದ್ರಮಟ್ಟದ 1013 ಹೆಕ್ಟೊಪ್ಯಾಸ್ಕಲ್. ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದ ಈ ಊರಿನಲ್ಲಿ ಒತ್ತಡ 920ರ ಸುಮಾರು. ನೀರು ಇರುವುದಕ್ಕಿಂತ ಒಂದು ಮೀಟರಿನಷ್ಟು ಕೆಳಗೆ ಕಂಡಿತು. ಟೇಪಿನ ಅಳತೆಯೊಂದಿಗೆ ತಾಳೆ ನೋಡಿದ್ದರಿಂದ ಮಾತ್ರ ಸಿಕ್ಕಿಬಿತ್ತು. ಲಾಗರ್ ಇದ್ದರೂ ತಿಂಗಳಿಗೊಮ್ಮೆ ಕೈಯಳತೆ ಬಿಡಬಾರದು ಎನ್ನುವುದು ಇದಕ್ಕೇ. ಅಂದಹಾಗೆ ವಾಯುಭಾರದ ಈ ದಿನದೊಳಗಿನ ಏರಿಳಿತಕ್ಕೆ ಆಳದ ಬೋರಿನಲ್ಲಿ ತಲೆ ಕೆಡಿಸಿಕೊಳ್ಳುವ ಅಗತ್ಯ ಕಡಿಮೆ. 35 ಮೀಟರ್ ಹಾರುವಲ್ಲಿ ನಾಲ್ಕು ಸೆಂಟಿಮೀಟರ್ ಯಾವ ಲೆಕ್ಕ? ಕೆರೆ ಇಂಗುವಿಕೆ ದಿನಕ್ಕೆ ಒಂದೆರಡು ಸೆಂಟಿಮೀಟರಿನಲ್ಲಿ ಕಾಣುವ ತೆ-1ರಲ್ಲಿ ಮಾತ್ರ ಅದೇ ಎಲ್ಲ.

ಬದಲಿಸಿದ ಕ್ರಮ

ಮೊದಲ ಯೋಚನೆ, ಅಳೆಯುವ ಹಿಂದಿನ ದಿನ ಎಲ್ಲರೂ ಮೋಟರ್ ನಿಲ್ಲಿಸಲಿ ಎಂಬುದು. ಮೇ ತಿಂಗಳಲ್ಲಿ ಕಾಯಿ ಹಿಡಿದ ಟೊಮೆಟೊ ಇಟ್ಟುಕೊಂಡು ಯಾರೂ ಒಪ್ಪಲಿಲ್ಲ. ಒಪ್ಪಬೇಕಾಗಿಯೂ ಇರಲಿಲ್ಲ. ಬದಲಿಗೆ ಎರಡು ದಾರಿ ಹಿಡಿದರು.

ಗಡಿಯಾರದ ಹೊತ್ತು ಬಿಟ್ಟು ಕರೆಂಟಿನ ಹೊತ್ತಿಗೆ ಅಳೆಯುವುದು, ಅಂದರೆ ತ್ರೀ ಫೇಸ್ ಬರುವ ಮುಂಚಿನ ಒಂದು ಗಂಟೆಯೊಳಗೆ. ಪಾಳಿ ಬದಲಾದರೆ ಅಳೆಯುವ ಹೊತ್ತೂ ಬದಲು. ಪುಸ್ತಕಕ್ಕೆ ಮೂರು ಕಲಂ ಸೇರಿದವು: ಈ ಮೋಟರ್ ನಿಂತು ಎಷ್ಟು ಗಂಟೆಯಾಯಿತು, ಅಕ್ಕಪಕ್ಕದ ಯಾವ ಮೋಟರ್ ಓಡುತ್ತಿದೆ, ಕೇಸಿಂಗ್ ಎತ್ತರ ಎಷ್ಟು. ಎರಡನೇ ಕಲಂ ಸೇರಿದ್ದು ಬೋ-5ರಿಂದಾಗಿ. ಅದರ ಪಕ್ಕ 70 ಮೀಟರ್ ದೂರದ ಬೋರು ಜನರೇಟರಿನಲ್ಲಿ ಓಡಿದ ದಿನ ಇದರ ಮಟ್ಟ ನಾಲ್ಕು ಮೀಟರ್ ಕುಸಿದಿತ್ತು.

ಇನ್ನೊಂದು ದಾರಿ, ಫೀಡರ್ ದುರಸ್ತಿಗೆ ಇಡೀ ದಿನ ಕರೆಂಟ್ ತೆಗೆಯುವ ದಿನವನ್ನು ಬಳಸಿಕೊಳ್ಳುವುದು. ಮುಂಚೆಯೇ ಪ್ರಕಟಣೆ ಬರುತ್ತದೆ, ಐವತ್ತು ಬೋರುಗಳೂ ಒಟ್ಟಿಗೆ ನಿಲ್ಲುತ್ತವೆ, ಯಾರನ್ನೂ ಬೇಡಬೇಕಿಲ್ಲ. ಅಂಥ ಒಂದು ದಿನ ಬೋ-4ರಲ್ಲಿ ಹದಿನೇಳು ಗಂಟೆಗೆ 85.0 ಇದ್ದದ್ದು ನಲವತ್ತೊಂದು ಗಂಟೆಗೆ 83.9ಕ್ಕೆ ಬಂತು. ಹದಿನೇಳು ಗಂಟೆಯಲ್ಲೂ ಬೋರು ಪೂರ್ತಿ ಚೇತರಿಸಿಕೊಂಡಿರುವುದಿಲ್ಲ, ಆದರೆ ಕೊರತೆ ಒಂದು ಮೀಟರಿನ ಆಸುಪಾಸು ಎಂದು ಗೊತ್ತಾಯಿತು. ವರ್ಷದಿಂದ ವರ್ಷಕ್ಕೆ ಹೋಲಿಸಲು ಅಷ್ಟು ಸಾಕು.

ಕೆರೆಯ ಪ್ರಶ್ನೆಗೆ ಉತ್ತರ ಹುಡುಕಲು ಆಳದ ಬೋರುಗಳನ್ನು ಕೈಬಿಟ್ಟದ್ದು ಈ ಪ್ರಕರಣದ ದೊಡ್ಡ ನಿರ್ಧಾರ. ಕೇಸಿಂಗಿನ ಕೆಳಗೆ ಪೂರ್ತಿ ತೆರೆದಿರುವ ಸಾವಿರ ಅಡಿಯ ಬೋರು ನಾಲ್ಕೈದು ಗ್ಯಾಪುಗಳ ಒತ್ತಡವನ್ನು ಕಲಸಿ ಒಂದು ಅಂಕಿ ಕೊಡುತ್ತದೆ. ಅದು ಯಾವ ಪದರದ್ದೂ ಅಲ್ಲ. ಬದಲಿಗೆ 210 ಮೀಟರಿನ ಒಂದು ಫೇಲ್ ಬೋರನ್ನು ತಳದಿಂದ 50 ಮೀಟರ್ ಆಳದವರೆಗೆ ಜಲ್ಲಿಯಿಂದ ತುಂಬಿಸಿ, ಅದರ ಮೇಲೆ ಮೂರು ಮೀಟರ್ ಬೆಂಟೊನೈಟ್ ಜೇಡಿ ಹಾಕಿ ಮುಚ್ಚಿದರು. ಉಳಿದ ಮೇಲ್ಭಾಗ ವೀಕ್ಷಣಾ ಬಾವಿಯಾಯಿತು. ಕೆರೆಯ ಪ್ರಭಾವ ಇಲ್ಲದ ಕಡೆ, ಮೂರು ಕಿಲೋಮೀಟರ್ ದೂರದ ಬೇರೆ ಹಳ್ಳದ ಪಾತ್ರದಲ್ಲಿ, ಬಳಕೆಯಿಲ್ಲದ ಇನ್ನೊಂದು ಕೈಪಂಪ್ ಬೋರನ್ನೂ ಸೇರಿಸಿದರು. ಅದು ಕೈ-2. ಕೆರೆಗೊಂದು ಅಳತೆಗೋಲು, ಪಂಚಾಯಿತಿ ಕಟ್ಟಡದ ಮೇಲೊಂದು ಮಳೆಮಾಪಕವೂ ಬಂದವು. ಇವೆರಡೂ ಮೊದಲ ದಿನವೇ ಇರಬೇಕಾಗಿತ್ತು.

ಎರಡನೇ ಮಳೆಗಾಲದ ನಂತರ

ಆ ವರ್ಷ ಕೆರೆ ಮುಕ್ಕಾಲು ತುಂಬಿತು. ಮೇನಲ್ಲಿ 13.5 ಮೀಟರಿಗೆ ತಳ ಕಂಡಿದ್ದ ತೆ-1ರಲ್ಲಿ ನವೆಂಬರಿಗೆ ನೀರು 6.2 ಮೀಟರಿಗೆ ಬಂದಿತ್ತು. ಕೆರೆಯಿಂದ 600 ಮೀಟರ್ ದೂರದ ಕೈ-1 41.3ರಿಂದ 36.6ಕ್ಕೆ, 4.7 ಮೀಟರ್ ಏರಿತು. ಕೆರೆಯಿಲ್ಲದ ಕೈ-2 39.4ರಿಂದ 36.2ಕ್ಕೆ, 3.2 ಮೀಟರ್. ಮಳೆ ಎರಡಕ್ಕೂ ಬಿದ್ದಿದೆ, ಆದ್ದರಿಂದ ಕೈ-1ರಲ್ಲಿ ಕೆರೆಯ ಪಾಲು ಎನ್ನಬಹುದಾದದ್ದು ಒಂದೂವರೆ ಮೀಟರ್. ಅದೂ ಒಂದೇ ಜೋಡಿ ಬಾವಿಯ ಮೇಲೆ ನಿಂತ ಲೆಕ್ಕ. ಎರಡರ ತಳದ ಬಂಡೆ ಒಂದೇ ರೀತಿ ಇದೆ ಎಂಬ ಊಹೆಯೂ ಅದರಲ್ಲಿ ಸೇರಿದೆ. ಆಳದ ಬೋರುಗಳಲ್ಲಿ ಕರೆಂಟಿಗೆ ಮುಂಚಿನ ಮಟ್ಟ ಒಂದೆರಡು ಮೀಟರ್ ಏರಿತ್ತು, ಅಳತೆಯ ಅನಿಶ್ಚಿತತೆಯೂ ಅಷ್ಟೇ.

ಹಣ ಕೊಟ್ಟವರಿಗೆ ಹೋದ ವರದಿಯಲ್ಲಿ 14 ಮೀಟರ್ ಇರಲಿಲ್ಲ. ‘ಏರಿಯ ಕೆಳಗೆ 200 ಮೀಟರಿನಲ್ಲಿ ಸ್ಪಷ್ಟ ಏರಿಕೆ, 600 ಮೀಟರಿನಲ್ಲಿ ಅಲ್ಪ, ಆಳದಲ್ಲಿ ಹೇಳಲಾಗದು’ ಎಂದಿತ್ತು. ಅವರು ತಕರಾರು ತೆಗೆಯಲಿಲ್ಲ. ಊರಿನಲ್ಲಿ ಒಪ್ಪಿಸುವುದೇ ಕಷ್ಟವಾಯಿತು. “ಟೇಪು ನಮ್ ಕಣ್ಮುಂದೇನೇ ಮೇಲೆ ತೋರಿಸ್ತಲ್ಲ ಸಾರ್” ಎಂಬ ಪ್ರಶ್ನೆಗೆ ಮಾತಿನ ಉತ್ತರ ಸಾಲಲಿಲ್ಲ. ಆಗ ಬೋ-4ರ ಹತ್ತಿರವೇ ಸಂಜೆ ಮೋಟರ್ ನಿಂತ ಮೇಲೆ ಅರ್ಧ ಗಂಟೆಗೊಮ್ಮೆ ಟೇಪ್ ಇಳಿಸಿ ತೋರಿಸಿದರು. ಎರಡೂವರೆ ಗಂಟೆಯಲ್ಲಿ ಇಪ್ಪತ್ತು ಮೀಟರಿಗೂ ಹೆಚ್ಚು ಏರಿದ್ದನ್ನು ಕಂಡ ಮೇಲೆ ವಾದ ನಿಂತಿತು. ಪಾಯಿಂಟ್ ನೋಡಿಸಿದ್ದ ಇಬ್ಬರಲ್ಲಿ ಒಬ್ಬರು ಬೋರ್ ಕೈಬಿಟ್ಟು ಹಿಪ್ಪುನೇರಳೆಗೆ ಹನಿ ನೀರಾವರಿ ಹಾಕಿಸಿದರು. ಇನ್ನೊಬ್ಬರು ಕೊರೆಸಿಯೇಬಿಟ್ಟರು, ನೀರೂ ಸಿಕ್ಕಿತು. ಆ ಬೋರು ಬೋ-5ಕ್ಕೆ ಹತ್ತಿರವಿರುವುದರಿಂದ ಅದನ್ನೂ ಅಕ್ಕಪಕ್ಕದ ಮೋಟರಿನ ಕಲಮಿಗೆ ಸೇರಿಸಬೇಕಾಯಿತು.

ಈಗ ಬೇಸಿಗೆ ಬೆಳೆಯ ಮಾತುಕತೆ ಡಿಸೆಂಬರ್ ಮೊದಲ ವಾರ ತೆ-1, ಕೈ-1 ಮತ್ತು ಜಲ್ಲಿ ತುಂಬಿಸಿದ ಬಾವಿಯ ಅಂಕಿ ಇಟ್ಟುಕೊಂಡು ನಡೆಯುತ್ತದೆ. ಆಳದ ಬೋರುಗಳ ಅಳತೆಯನ್ನು ನಿಲ್ಲಿಸಿಲ್ಲ. ಕೆರೆಯ ಲೆಕ್ಕಕ್ಕೆ ಬಾರದಿದ್ದರೂ ಮೋಟರನ್ನು ಇನ್ನೂ ಎಷ್ಟು ಅಡಿ ಇಳಿಸಬೇಕು, ಒಣಗಿ ಓಡುತ್ತಿದೆಯೇ ಎಂಬುದನ್ನು ತಿಳಿಯಲು ರೈತರಿಗೆ ಬೇಕಾದದ್ದು ಅದೇ. ಹಾಗಾಗಿ ಪ್ರತಿ ತಿಂಗಳು ಎರಡು ಅಂಕಿ ಬರೆಯುತ್ತಾರೆ: ಕರೆಂಟಿಗೆ ಮುಂಚಿನದೊಂದು, ಮೋಟರ್ ಓಡುತ್ತಿರುವಾಗಿನದೊಂದು. ಎರಡನೆಯದನ್ನು ಅಳತೆ ಪೈಪ್ ಇರುವ ಬೋರಿನಲ್ಲಿ ಮಾತ್ರ ತೆಗೆಯಬೇಕು. ಇಲ್ಲದಿದ್ದರೆ ಟೇಪು ಮೋಟರಿನ ಕೇಬಲ್ಲಿಗೆ ಸಿಕ್ಕಿ ಮೇಲೆ ಬಾರದು.